ಉಂಗುಷ್ಟ ಪುರಾಣ

"ಬೂಟು ಹಾಕ್ಕೋ ಅಪ್ಪ" ಎಂದು ಮಗಳು ಮೂರು ಸಲ ಹೇಳಿದಳು. ನಾನು ಕೇಳಲಿಲ್ಲ. ಹೋಗುತ್ತಿರುವುದು ಸಮುದ್ರಕ್ಕೆ. ಮಲ್ಪೆಗೋ ಗೋಕರ್ಣಕ್ಕೋ ಯಾರಾದರೂ ಬೂಟು ಹಾಕಿಕೊಂಡು ಹೋಗುತ್ತಾರಾ? ಮೈಸೂರಿನಿಂದ ತಂದಿದ್ದ ನೀಲಿ ಪಟ್ಟಿಯ ಹವಾಯಿ ಚಪ್ಪಲಿ ಮೆಟ್ಟಿ ಕಾರಿನಲ್ಲಿ ಕೂತೆ.

ನಾವು ಹೊರಟಿದ್ದು ಇಂಗ್ಲೆಂಡಿನ ದಕ್ಷಿಣಕ್ಕಿರುವ ಜುರಾಸಿಕ್ ಕೋಸ್ಟ್‌ಗೆ. ಒಟ್ಟು 95 ಮೈಲಿ ಕರಾವಳಿ, 2001ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು. ಅಲ್ಲಿನ ಬಂಡೆಗಳಲ್ಲಿ 18.5 ಕೋಟಿ ವರ್ಷದ ಲೆಕ್ಕ ಸಿಗುತ್ತದಂತೆ. ಪಶ್ಚಿಮಕ್ಕೆ ಹೋದಷ್ಟೂ ಕಲ್ಲಿಗೆ ವಯಸ್ಸು ಜಾಸ್ತಿ. ಇಷ್ಟೆಲ್ಲ ಹೇಳಿದ ಮಗಳು, ಅಲ್ಲಿ ಒಂದು ಬೀಚಿನ ನೆಲ ಇನ್ನೊಂದರ ಹಾಗಿರುವುದಿಲ್ಲ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ, ಬಿಡಿ.

ಮೊದಲು ಡರ್ಡಲ್ ಡೋರ್. ಯಾರೋ ಸಮುದ್ರಕ್ಕೆ ಬಾಗಿಲು ಇಡಲು ಹೋಗಿ ಚೌಕಟ್ಟು ಮಾತ್ರ ನಿಲ್ಲಿಸಿ ಬಿಟ್ಟುಹೋದ ಹಾಗೆ ಸುಣ್ಣಕಲ್ಲಿನ ದೊಡ್ಡ ಕಮಾನು. ಕಾರು ನಿಲ್ಲಿಸುವುದು ಗುಡ್ಡದ ಮೇಲೆ. ಅಲ್ಲಿಂದ ಕೆಳಕ್ಕೆ ಇಳಿಜಾರು, ಆಮೇಲೆ ಮೆಟ್ಟಿಲು. ಚಪ್ಪಲಿ ಮುಂದೆ, ನಾನು ಹಿಂದೆ. ಎರಡು ಸಲ ನಾನು ಬರುವವರೆಗೂ ಅದು ಕೆಳಗೆ ಕಾಯುತ್ತಿತ್ತು.

ವೇಮತ್‌ನಲ್ಲಿ ಮಾತ್ರ ಮರಳು, ನಮ್ಮೂರ ಕಡೆಯ ಹಾಗೆ ಮೆತ್ತಗಿನ ಮರಳು. 1789ರಲ್ಲಿ ಮೂರನೇ ಜಾರ್ಜ್ ದೊರೆ ಆರೋಗ್ಯ ಸುಧಾರಿಸಲಿ ಅಂತ ಇಲ್ಲಿ ನೀರಿಗಿಳಿದಿದ್ದ. ಮುಳುಗು ಹಾಕುವಾಗ ಪಕ್ಕದಲ್ಲೇ ಬ್ಯಾಂಡಿನವರು ರಾಜಗೀತೆ ಬಾರಿಸಿದರಂತೆ. ಆ ನೀರಿಗೆ ನಾನೂ ಒಂದು ಕಾಲಿಟ್ಟೆ. "ಅಯ್ಯಯ್ಯಪ್ಪೋ" ಅಂದಿದ್ದು ಬಿಟ್ಟರೆ ಬೇರೆ ಸಂಗೀತ ಇರಲಿಲ್ಲ. ಬ್ಯಾಂಡು ಯಾಕೆ ಬೇಕಾಗಿತ್ತು ಅಂತ ಆಗ ಅರ್ಥವಾಯಿತು: ದೊರೆ ಕಿರುಚಿದ್ದು ಜನಕ್ಕೆ ಕೇಳಬಾರದಲ್ವಾ!

ಅಲ್ಲಿಂದ ಚೆಸಿಲ್ ಬೀಚ್. 18 ಮೈಲಿ ಉದ್ದಕ್ಕೂ ಬರೀ ಕಲ್ಲು. ವೆಸ್ಟ್ ಬೇ ಕಡೆ ಬಟಾಣಿಯಷ್ಟು, ಪೋರ್ಟ್‌ಲ್ಯಾಂಡ್ ಕಡೆ ಆಲೂಗಡ್ಡೆಯಷ್ಟು. ಹಿಂದೆ ಮೀನುಗಾರರು ಕತ್ತಲಲ್ಲಿ ದಡ ಸೇರಿದರೂ ಕಲ್ಲು ಮುಟ್ಟಿ ನೋಡಿ, ಎಲ್ಲಿಗೆ ಬಂದಿದ್ದೇವೆ ಅಂತ ಹೇಳುತ್ತಿದ್ದರಂತೆ. ನಾವು ಇಳಿದಿದ್ದು ಆಲೂಗಡ್ಡೆ ತುದಿಯಲ್ಲಿ. ಎರಡು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ. ಅರ್ಧ ದಿಬ್ಬ ಹತ್ತುವಷ್ಟರಲ್ಲಿ ಪಟಕ್ ಅಂತ ಎಡಗಾಲಿನ ಚಪ್ಪಲಿಯ ಉಂಗುಷ್ಟ ಕಿತ್ತು ಬಂತು.

ಹೆಂಡತಿ ಮಾತಾಡಲಿಲ್ಲ. ಬಳೆಯಲ್ಲಿ ನೇತುಹಾಕಿದ್ದ ಪಿನ್ನು ತೆಗೆದಳು. ಉಂಗುಷ್ಟವನ್ನು ತೂತಿಗೆ ತೂರಿಸಿದಳು, ಚಪ್ಪಲಿ ತಿರುಗಿಸಿ ಅಡಿಯಲ್ಲಿ ಪಿನ್ನು ಅಡ್ಡ ಹಾಕಿದಳು. ಒಂದೇ ನಿಮಿಷ. ಪಕ್ಕದಲ್ಲಿ ಗಾಳ ಹಾಕಿ ಕೂತಿದ್ದ ಅಜ್ಜ ಮೀನು ಬಿಟ್ಟು ಇದನ್ನೇ ನೋಡುತ್ತಿದ್ದರು. ಕೆಲಸ ಮುಗಿದ ಮೇಲೆ ಅವಳು ನುಣುಪಾದ ಒಂದು ಕಲ್ಲನ್ನು ಸುಮ್ನೆ ಚೀಲಕ್ಕೆ ಹಾಕಿಕೊಂಡಳು. ಶುಂಠಿ ಜಜ್ಜೋಕೆ. ಇಲ್ಲಿಂದ ಕಲ್ಲು ಒಯ್ಯುವ ಹಾಗಿಲ್ಲ ಎಂದು ಮಗಳು ವಾಪಸ್ ಹಾಕಿಸಿದಳು. "18 ಮೈಲಿ ಕಲ್ಲಿದೆ, ಒಂದು ಲೆಕ್ಕಕ್ಕೆ ಸಿಗುತ್ತಾ?" ಎಂಬ ಗೊಣಗಾಟ ಕಾರಿನವರೆಗೂ ನಡೆಯಿತು.

ಮರುದಿನ ಚಾರ್ಮತ್. ಇಲ್ಲಿ ಇಳಿತದ ಹೊತ್ತಿಗೆ ಜನ ಸುತ್ತಿಗೆ ಹಿಡಿದು ಪಳೆಯುಳಿಕೆ ಹುಡುಕುತ್ತಾರೆ. ಪಕ್ಕದ ಲೈಮ್ ರೀಜಿಸ್‌ನ ಮೇರಿ ಆ್ಯನಿಂಗ್ ಎಂಬ ಹುಡುಗಿ ಸುಮಾರು 12ನೇ ವಯಸ್ಸಿಗೇ ಇಕ್ತಿಯೊಸಾರ್ ಎಂಬ ದೈತ್ಯ ಪ್ರಾಣಿಯ ಅಸ್ಥಿಪಂಜರ ಪತ್ತೆ ಮಾಡಿದ್ದಳು. ನನಗೆ 64. ಒಂದು ಶಂಖವಾದರೂ ಸಿಗಬೇಡವೇ? ಹುರುಪಿನಲ್ಲಿ ಬಂಡೆಯ ಬುಡಕ್ಕೇ ಹೋದೆ. ಅಲ್ಲಿ ಕುಸಿದುಬಿದ್ದ ಕಪ್ಪು ಕೆಸರಿತ್ತು. ಎಡಗಾಲು ಮೊಣಕಾಲಿನವರೆಗೆ ಇಳಿಯಿತು. ಮಗಳು, ಹೆಂಡತಿ ಸೇರಿ ಎಳೆದರು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಒಬ್ಬ ಪುಟ್ಟ ಹುಡುಗ ಸುತ್ತಿಗೆ ಹಿಡಿದು ಓಡಿಬಂದ, ಏನೋ ದೊಡ್ಡದೇ ಸಿಕ್ಕಿದೆ ಅಂತ. ನನ್ನ ಬರಿಗಾಲು ನೋಡಿ ಪೆಚ್ಚಾಗಿ ಹೋದ. ಕೆಸರಿನ ಹತ್ತಿರ ಹೋಗಬೇಡಿ ಎಂಬ ಬೋರ್ಡು ಕಂಡಿದ್ದು ವಾಪಸ್ ಬರುವಾಗ.

ಒಂಟಿ ಚಪ್ಪಲಿಯಲ್ಲಿ ಲೈಮ್ ರೀಜಿಸ್ ತಲುಪಿದೆ. ಅಂಗಡಿಯಲ್ಲಿ ನನ್ನ ಅಳತೆಗೆ ಇದ್ದಿದ್ದು ಒಂದೇ ಜೊತೆ, ಗುಲಾಬಿ ಬಣ್ಣದ್ದು, ಮೇಲೆ ಏಡಿಯ ಚಿತ್ರ. ಹಾಕಿಕೊಂಡು ಹೊರಗೆ ಬಂದೆ. ಮಗಳು ನಗು ತಡೆಯಲಾರದೆ ಗೋಡೆ ಕಡೆ ತಿರುಗಿದಳು. ಹೆಂಡತಿ ನಗಲಿಲ್ಲ. ಚಾರ್ಮತ್ ಕಡೆಗೇ ನೋಡುತ್ತಿದ್ದಳು.

"ನನ್ನ ಪಿನ್ನು ಹೋಯ್ತಲ್ಲ ರೀ" ಅಂದಳು.