92 ಮುಟ್ಟಿದರೂ ಅರ್ಧ ದಾರಿನೇ!

ರೂನ್‌ಸ್ಕೇಪ್ ಅನ್ನೋ ಆನ್‌ಲೈನ್ ಗೇಮ್‌ನಲ್ಲಿ ಮರ ಕಡಿಯೋ ಲೆವೆಲ್ 92 ಆಯ್ತು ಅಂತ ಮೊನ್ನೆ ರಾತ್ರಿ ಕುಣಿದಾಡಿದೆ. 99ಕ್ಕೆ ಇನ್ನು ಏಳೇ ಲೆವೆಲ್ ಅಲ್ವಾ? ಎಲ್ಲಿಂದ ಬಂತು! 99ಕ್ಕೆ ಬೇಕಾಗೋದು 1,30,34,431 ಎಕ್ಸ್‌ಪಿ (ಆಟದಲ್ಲಿ ಸಿಗೋ ಅನುಭವದ ಅಂಕ), 92ಕ್ಕೆ 65,17,253. ಅಂದ್ರೆ ಇಷ್ಟು ತಿಂಗಳು ನಿದ್ದೆಗೆಟ್ಟು ಕೂತಿದ್ದು ಬರೀ ಅರ್ಧ ದಾರಿ, ಹುಬ್ಬಳ್ಳಿಯಲ್ಲಿ ಬಸ್ ಹತ್ತಿ ಧಾರವಾಡ ಬಂತು ಅಂತ ಬ್ಯಾಗ್ ಹೆಗಲಿಗೇರಿಸಿ ಎದ್ದು ನಿಂತರೆ ಕಿಟಕಿಯಾಚೆ ನವನಗರ ಕಂಡ ಹಾಗೆ.

ಯೂ ಅನ್ನೋ ಮರದ ಒಂದು ದಿಮ್ಮಿಗೆ 175 ಎಕ್ಸ್‌ಪಿ. ಲೆಕ್ಕ ಹಾಕಿದೆ, ಹಾಕಬಾರದಿತ್ತು. ಇನ್ನೂ 37 ಸಾವಿರಕ್ಕಿಂತ ಜಾಸ್ತಿ ದಿಮ್ಮಿ! 28ಕ್ಕೆ ಚೀಲ ತುಂಬುತ್ತದೆ, ಆಟದೊಳಗಿನ ಬ್ಯಾಂಕಿಗೆ ಓಡು, ಇಟ್ಟು ಬಾ, ಮತ್ತೆ ಅದೇ ಮರ, ಅದೇ ಟಕ್ ಟಕ್. ಜೊತೆಗೆ ಶುರು ಮಾಡಿದ ಗೆಳೆಯರಿಬ್ಬರು 70ರ ಹತ್ತಿರವೇ ಕೈಬಿಟ್ಟರು. ಈಗ ಸಂಜೆ ಉಣಕಲ್ ಕೆರೆ ಕಡೆ ಹೋಗಿ ಗಿರ್ಮಿಟ್, ಮಿರ್ಚಿ ಫೋಟೋ ಕಳಿಸುತ್ತಾರೆ. ಸುಮ್ನೆ ಹೊಟ್ಟೆ ಉರಿಸೋಕೆ. ಬಿಡೋಣ ಅಂದರೆ ಕಡಿದ ಅಷ್ಟೂ ಮರ ಕಣ್ಣಮುಂದೆ ಬರುತ್ತವೆ.

ನಿನ್ನೆ ಅವ್ವ ಹಿಂದೆ ನಿಂತು ಹತ್ತು ನಿಮಿಷ ನೋಡಿದಳು. "ಅದರಾಗ ಇಷ್ಟು ಗಿಡಾ ಕಡೀತಿ, ಹಿತ್ತಲದಾಗಿನ ನುಗ್ಗಿಗಿಡದ ಟೊಂಗಿ ಕಡಿ ಅಂದ್ರ ವಾರ ಆತು."

ಅದಕ್ಕೆ ಎಕ್ಸ್‌ಪಿ ಕೊಡುವವರು ಯಾರು ಅವ್ವಾ?