ಸತ್ಯಾಂಶ: ವಿಟಮಿನ್ ಮೆಕ್ಕೆಜೋಳ ಕುಲಾಂತರಿ ಅಲ್ಲ

"ವಿಟಮಿನ್ ಮೆಕ್ಕೆಜೋಳ ಅಂದ್ರೆ ಕುಲಾಂತರಿ, ಮಕ್ಕಳಿಗೆ ಕೊಡಬೇಡಿ" ಅನ್ನುವ ಮೆಸೇಜ್ ನಿಮಗೂ ಬಂದಿರಬಹುದು. ಅದು ನಿಜವಲ್ಲ. ಕುಲಾಂತರಿ ಅಂದ್ರೆ ಪ್ರಯೋಗಾಲಯದಲ್ಲಿ ಹೊರಗಿನ ಜೀನ್ ಸೇರಿಸಿ ಮಾಡಿದ ಬೆಳೆ. ವಿಟಮಿನ್ ಮೆಕ್ಕೆಜೋಳ ಅಂದ್ರೆ ವಿಟಮಿನ್ ಎ ಆಗಬಲ್ಲ ಅಂಶ ಹೆಚ್ಚಿರುವ ತಳಿ.

ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ 'ಪೂಸಾ ವಿವೇಕ್ ಕ್ಯೂಪಿಎಂ 9 ಇಂಪ್ರೂವ್ಡ್' ತಳಿಯನ್ನೇ ನೋಡಿ. 2017ರಲ್ಲಿ ಬಂದ ಈ ತಳಿಯನ್ನು ಕರ್ನಾಟಕಕ್ಕೂ ಶಿಫಾರಸು ಮಾಡಿದ್ದಾರೆ. ಹಳದಿ ಮೆಕ್ಕೆಜೋಳದ ಕಾಳಿನಲ್ಲಿ ಬೀಟಾ ಕ್ಯಾರೋಟಿನ್ ತಾನಾಗೇ ತಯಾರಾಗುತ್ತದೆ. ನಮ್ಮ ದೇಹ ಅದನ್ನು ವಿಟಮಿನ್ ಎ ಮಾಡಿಕೊಳ್ಳುತ್ತದೆ. ಆದರೆ ಮಾಮೂಲಿ ತಳಿಗಳಲ್ಲಿ ಒಂದು ಜೀನ್ ಅದರಲ್ಲಿ ಬಹುಪಾಲನ್ನು ಬೇರೆ ಹಳದಿ ವಸ್ತುವಾಗಿ ಬದಲಾಯಿಸಿಬಿಡುತ್ತದೆ. ಕೆಲವು ಮೆಕ್ಕೆಜೋಳಗಳಲ್ಲಿ ಈ ಜೀನ್ ಹುಟ್ಟಿನಿಂದಲೇ ಮಂದ. ಅಂಥ ಗಿಡದ ಜೊತೆ ಒಳ್ಳೆ ತಳಿಯನ್ನು ಪರಾಗ ಹಾಕಿ ಕೂಡಿಸುತ್ತಾರೆ. ಎಲೆಯ ಚೂರಿನಲ್ಲಿ ಡಿಎನ್‌ಎ ನೋಡಿ ಬೇಕಾದ ಸಸಿ ಉಳಿಸಿಕೊಳ್ಳುತ್ತಾರೆ. ಮೆಕ್ಕೆಜೋಳಕ್ಕೆ ಮೆಕ್ಕೆಜೋಳದ್ದೇ ಜೀನ್, ಅಷ್ಟೇ. ಡಿಎನ್‌ಎ ಪರೀಕ್ಷೆ ಅಂದ ಕೂಡಲೇ ಕುಲಾಂತರಿ ಅಂದುಕೊಳ್ಳುವುದರಿಂದಲೇ ಈ ಗೊಂದಲ ಶುರುವಾಗುತ್ತದೆ ಅನಿಸುತ್ತದೆ.

ಮಾಮೂಲಿ ಹೈಬ್ರಿಡ್‌ನ ಕಿಲೋ ಕಾಳಿನಲ್ಲಿ ವಿಟಮಿನ್ ಎ ಆಗಬಲ್ಲ ಅಂಶ 1-2 ಮಿಲಿಗ್ರಾಂ. ಈ ಪೂಸಾ ತಳಿಯಲ್ಲಿ ಸುಮಾರು 8 ಮಿಲಿಗ್ರಾಂ.

ಹಾಗಂತ ಬಣ್ಣ ಗಾಢ ಇದ್ದ ಮಾತ್ರಕ್ಕೆ ವಿಟಮಿನ್ ಜಾಸ್ತಿ ಅನ್ನುವಂತಿಲ್ಲ. ತಿಂಗಳುಗಟ್ಟಲೆ ಚೀಲದಲ್ಲಿಟ್ಟರೆ ಈ ಅಂಶ ಕಡಿಮೆಯಾಗುತ್ತಾ ಹೋಗುತ್ತದೆ. ಹೊಸ ಕಾಳನ್ನೇ ಹಿಟ್ಟು ಮಾಡಿಸಿಕೊಳ್ಳಿ.