ನಗಸಾವ್ರಿಗೆ ಬ್ಯಾಸರ ಇರೂದಿಲ್ಲೇನ್ರಿ?

ಗದಗ ಬಸ್‌ ಸ್ಟ್ಯಾಂಡಿನ್ಯಾಗ ಔಷಧದ ಚೀಲಾ ಹಿಡಕೊಂಡು ನಿಂತಿದ್ರೂ ಮಂದಿ ಬಿಡೂದಿಲ್ಲ. "ಏ ಹಾಸ್ಯಗಾರ, ಒಂದು ಜೋಕ್ ಒಗೀಪಾ!" ಮೊಬೈಲ್ ಅಂತೂ ಮೊದಲ ಎದ್ದಿರ್ತೈತಿ. ಕಂಪನಿ ನಾಟಕದಾಗ ಹಾಸ್ಯದ ಪಾತ್ರ ಮಾಡೂದು ನನ್ನ ದುಡಿಮಿ. ಬನಶಂಕರಿ ಜಾತ್ರ್ಯಾಗ ರಾತ್ರಿ ಆಟ ಮುಗಿಯೂದ್ರಾಗ ಗಂಟಲಾ ಬಿದ್ದು ಹೋಗಿರ್ತೈತಿ. ಇದ ಗದಗಿನ ವೀರೇಶ್ವರ ಪುಣ್ಯಾಶ್ರಮದ ಗವಾಯಿಗಳು ನಾಟಕ ಕಂಪನಿ ಕಟ್ಟಿ ಅಂಧ ಮಕ್ಕಳನ್ನ ಸಾಕಿದ್ರು. ಅಂಥಾ ಊರಾಗ ಈ ದುಡಿಮಿಗೆ ಇಷ್ಟ ಬೆಲೆ ಏನ್ರಿ? ಸಾಲ, ಅವ್ವನ ಬ್ಯಾನಿ, ಎಲ್ಲಾ ನಾ ತಡಕೊಂಡಿದ್ದು ನಗೀಯಿಂದನ, ಖರೇ. ಆದ್ರ ಆ ನಗಿ ನನ್ನದು. ಯಾವಾಗ ಹೊರಗ ತೆಗೀಬೇಕು ಅನ್ನೂದೂ ನನಗ ಬಿಟ್ಟದ್ದು. ಮೊನ್ನೆ ಸತ್ತವ್ರ ಮನ್ಯಾಗೂ ಒಬ್ಬಾಂವ ಕೇಳಿದ! ಬ್ಯಾಡ್ರಿ, ಕೈ ಮುಗೀತೇನಿ. ಟಿಕೆಟ್ ತಗೊಂಡು ಬರ್ರಿ, ಹೊಟ್ಟಿ ಹುಣ್ಣಾಗೂವಂಗ ನಗಸ್ತೇನಿ.